ಪ್ರದರ್ಶನ ಬದಲಾಗುವ ಮೂರು ವಾರ: ಕಲಾ ಗ್ಯಾಲರಿ ಕುರಿತು ಓದುಗರ ಪ್ರಶ್ನೆಗಳು

ಋತುವಿಗೊಮ್ಮೆ ಪ್ರದರ್ಶನ ಬದಲಿಸುವ, ದುಡ್ಡು ಕೇಳದೆ ಒಳಗೆ ಬಿಡುವ ಸಮಕಾಲೀನ ಕಲಾ ಗ್ಯಾಲರಿಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ವಿಷಯ ಕೇಳಿದ ಪತ್ರಗಳನ್ನು ಕೂಡಿಸಿ ಒಂದು ಮಾಡಲಾಗಿದೆ.

ಹೊಸ ಪ್ರದರ್ಶನ ನೋಡೋಣವೆಂದು ಹೋದರೆ ಅರ್ಧ ಗ್ಯಾಲರಿಗೆ ಬೀಗ. ಒಂದು ಚಿತ್ರ ಇಳಿಸಿ ಇನ್ನೊಂದು ತೂಗುಹಾಕಲು ಮೂರು ವಾರ ಬೇಕೇ? (ನಿವೃತ್ತ ನೌಕರರೊಬ್ಬರು)

ತೂಗುಹಾಕುವುದಷ್ಟೇ ಆಗಿದ್ದರೆ ಮೂರು ದಿನ ಸಾಕು. ಉಳಿದ ದಿನಗಳನ್ನು ತಿನ್ನುವುದು ಗೋಡೆ ಮತ್ತು ಗಾಳಿ.

ಮೊದಲು ಹಳೆಯ ಪ್ರದರ್ಶನ ಇಳಿಯಬೇಕು. ಪ್ರತಿ ಕೃತಿ ಬಂದ ದಿನವೇ ಅದರ ಸ್ಥಿತಿ ಹೇಗಿತ್ತೆಂದು ಫೋಟೊ ಸಮೇತ ಬರೆದಿಟ್ಟಿರುತ್ತಾರೆ: ಎಡಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು, ಫ್ರೇಮಿನ ಕೆಳಪಟ್ಟಿಯಲ್ಲಿ ಗೀರು, ಹೀಗೆ. ಇಳಿಸಿದ ಮೇಲೆ ಅದೇ ವರದಿ ಹಿಡಿದು ಇನ್ನೊಮ್ಮೆ ನೋಡುತ್ತಾರೆ. ಟಾರ್ಚನ್ನು ಎದುರಿನಿಂದ ಬಿಡುವುದಿಲ್ಲ, ಚಿತ್ರದ ಮೈಗೆ ಒರಗಿಸಿದಂತೆ ಪಕ್ಕದಿಂದ ಬಿಡುತ್ತಾರೆ. ಆಗ ಏಳುತ್ತಿರುವ ಬಣ್ಣದ ಚಕ್ಕೆಯ ನೆರಳು ಉದ್ದಕ್ಕೆ ಬಿದ್ದು, ಎದುರು ಬೆಳಕಿನಲ್ಲಿ ಕಾಣದ್ದೂ ಕಾಣುತ್ತದೆ. ಎರವಲು ತಂದ ಕೃತಿಗೆ ಸಾಮಾನ್ಯವಾಗಿ ಮಾಲೀಕರ ಗೋಡೆಯಿಂದ ಇಳಿದ ಗಳಿಗೆಯಿಂದ ಅದೇ ಗೋಡೆಗೆ ಮರಳಿ ಏರುವವರೆಗೆ ವಿಮೆ ಇರುತ್ತದೆ. ಹಾನಿ ದಾರಿಯಲ್ಲಾಯಿತೋ ಗ್ಯಾಲರಿಯಲ್ಲಾಯಿತೋ ಎಂಬ ಜಗಳ ಬಂದರೆ ಈ ಕಾಗದವೇ ಸಾಕ್ಷಿ. ಹಾಗಾಗಿ ಇಲ್ಲಿ ಯಾರೂ ಅವಸರ ಮಾಡುವುದಿಲ್ಲ.

ಆಮೇಲೆ ಗೋಡೆ. ಸ್ಕ್ರೂ ಕಿತ್ತ ತೂತಿಗೆ ತುಂಬಿದ ಪುಟ್ಟಿ ಒಣಗುತ್ತ ಕುಗ್ಗುತ್ತದೆ. ಒಂದೇ ಸಲ ಸಮಮಟ್ಟಕ್ಕೆ ತುಂಬಿ ಬಿಟ್ಟರೆ ಮರುದಿನ ಅಲ್ಲೊಂದು ಗುಳಿ. ಅದಕ್ಕೇ ಸ್ವಲ್ಪ ಉಬ್ಬಿಸಿ ತುಂಬಿ, ಒಣಗಿಸಿ, ಇನ್ನೊಂದು ಕೈ ಹಚ್ಚಿ, ನಯವಾದ ಸ್ಯಾಂಡ್‌ಪೇಪರಿನಿಂದ ಉಜ್ಜುತ್ತಾರೆ. ಕೆಲಸ ಕೆಡುವುದು ಇದರ ನಂತರ. ಪುಟ್ಟಿ ಅಕ್ಕಪಕ್ಕದ ಹಳೆಯ ಬಣ್ಣಕ್ಕಿಂತ ಹೆಚ್ಚು ಹೀರುತ್ತದೆ. ಪ್ರೈಮರ್ ಹಾಕದೆ ಬಣ್ಣ ಬಳಿದರೆ ಆ ಜಾಗ ಮಂಕಾಗಿ ಉಳಿದು, ಸ್ಪಾಟ್‌ಲೈಟ್ ಬಿದ್ದ ಕೂಡಲೇ ಬಟ್ಟೆಗೆ ತೇಪೆ ಹಾಕಿದಂತೆ ಎದ್ದು ಕಾಣುತ್ತದೆ. ತೂತಿರುವಲ್ಲಿಗೆ ಮಾತ್ರ ಬಣ್ಣ ಹಚ್ಚಿದರೂ ಅಷ್ಟೇ, ಹೊಸದರ ಅಂಚು ತಿಳಿಯುತ್ತದೆ. ಹಾಗಾಗಿ ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಇಡೀ ಗೋಡೆಗೆ, ನಡುವೆ ನಿಲ್ಲಿಸದೆ ರೋಲರ್ ಎಳೆಯಬೇಕು. ನಾಲ್ಕು ತೂತಿಗಾಗಿ ಹತ್ತು ಮೀಟರ್ ಗೋಡೆಗೆ ಬಣ್ಣವೇ ಎಂದರೆ, ಹೌದು.

ಎಮಲ್ಷನ್ ಬಣ್ಣ ಎರಡು ಗಂಟೆಯಲ್ಲಿ ಕೈಗಂಟದಷ್ಟು ಒಣಗುತ್ತದೆ, ಆದರೆ ಅದರಿಂದ ಆವಿ ಹೊರಡುವುದು ಅಷ್ಟಕ್ಕೇ ನಿಲ್ಲುವುದಿಲ್ಲ. ಕೃತಿಗಳನ್ನು ಒಳತರುವ ಮುನ್ನ ಮೂರು ನಾಲ್ಕು ದಿನ ಗಾಳಿಯಾಡಿಸುವುದು ಕನಿಷ್ಠ ಎಚ್ಚರಿಕೆ. ಮುಚ್ಚಿದ ಗಾಜಿನ ಪೆಟ್ಟಿಗೆಯ ಒಳಭಾಗಕ್ಕೆ ಬಣ್ಣ ಬಳಿದಿದ್ದರೆ ವಾರಗಳೇ ಬೇಕು, ಏಕೆಂದರೆ ಅಲ್ಲಿ ಆವಿಗೆ ಹೋಗಲು ದಾರಿಯಿಲ್ಲ. ಕೆಲವು ಮರಗಳೂ ಹೀಗೆಯೇ. ಓಕ್ ಮರದಿಂದ ಹೊರಡುವ ಅಸಿಟಿಕ್ ಆಮ್ಲದ ಆವಿ ಪೆಟ್ಟಿಗೆಯೊಳಗಿಟ್ಟ ಸೀಸದ ವಸ್ತುವಿಗೆ ಬಿಳಿ ಪುಡಿ ಹಿಡಿಸಿಬಿಡುತ್ತದೆ.

ಹೊಸ ಕೃತಿಗಳು ಮರದ ಕ್ರೇಟುಗಳಲ್ಲಿ ಬಂದಿಳಿದ ಮೇಲೂ ಕೂಡಲೇ ಬಿಚ್ಚುವಂತಿಲ್ಲ. ಸಾಮಾನ್ಯವಾಗಿ 24 ಗಂಟೆ ಹಾಗೇ ಇಡುತ್ತಾರೆ. ತಣ್ಣಗಿನ ಲಾರಿಯಿಂದ ಬಂದ ಪೆಟ್ಟಿಗೆಯನ್ನು ಬೆಚ್ಚಗಿನ ಸಭಾಂಗಣದಲ್ಲಿ ತೆರೆದರೆ ಗಾಜಿನ ಮೇಲೂ ಲೋಹದ ಮೇಲೂ ನೀರು ಕೂರುತ್ತದೆ, ಮರದ ಚೌಕಟ್ಟು ಹಿಗ್ಗಿ ಕ್ಯಾನ್ವಾಸಿನ ಬಿಗಿ ಬದಲಾಗುತ್ತದೆ. ಮೊದಲೆಲ್ಲ ಗ್ಯಾಲರಿಯ ತೇವಾಂಶ ಶೇ 50ರ ಆಸುಪಾಸಿನಲ್ಲೇ ಕಟ್ಟುನಿಟ್ಟಾಗಿ ಇರಬೇಕೆಂಬ ಹಟವಿತ್ತು. ಈಗ ದೊಡ್ಡ ಸಂಗ್ರಹಾಲಯಗಳ ನಿರ್ದೇಶಕರ ಬಿಝೊ ಗುಂಪು ಒಪ್ಪಿರುವ ಮಿತಿ ಇನ್ನಷ್ಟು ಸಡಿಲ: 16ರಿಂದ 25 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ 40ರಿಂದ 60. ಮಿತಿಯ ಅಂಕಿಗಿಂತಲೂ ಹಠಾತ್ ಏರಿಳಿತವೇ ಹೆಚ್ಚು ಹಾಳುಮಾಡುತ್ತದೆ.

ಇಷ್ಟೆಲ್ಲ ಆದ ಮೇಲೆ ತೂಗುಹಾಕುವುದು, ಏಣಿ ಹತ್ತಿ ಒಂದೊಂದೇ ದೀಪ ತಿರುಗಿಸುವುದು, ಕೊನೆಗೆ ಲೇಬಲ್ ಅಂಟಿಸುವುದು. ಲೇಬಲ್ಲಿನಲ್ಲಿ ಇಸವಿ ತಪ್ಪಿರುವುದು ಗೊತ್ತಾಗುವುದು ಯಾವಾಗಲೂ ಉದ್ಘಾಟನೆಯ ಹಿಂದಿನ ಸಂಜೆಯೇ.

ನಿಮಗೆ ಉಪಯೋಗವಾಗುವ ಮಾತು: ಪ್ರದರ್ಶನ ಶುರುವಾಗುವ ದಿನವನ್ನಷ್ಟೇ ನೋಡಬೇಡಿ, ಹಿಂದಿನದು ಮುಗಿಯುವ ದಿನವನ್ನೂ ನೋಡಿ. ಎರಡರ ನಡುವಿನ ದಿನಗಳಲ್ಲಿ ಕಟ್ಟಡ ತೆರೆದಿದ್ದರೂ ಮುಖ್ಯ ಕೋಣೆಗಳು ಮುಚ್ಚಿರುತ್ತವೆ.

ರೇಖಾಚಿತ್ರಗಳ ಕೋಣೆ ಅಷ್ಟು ಕತ್ತಲೆ ಏಕೆ? ಕನ್ನಡಕ ಹಾಕಿಕೊಂಡರೂ ಕಾಣುವುದಿಲ್ಲ. (ಶಾಲಾ ಶಿಕ್ಷಕಿಯೊಬ್ಬರು)

ಕಾಗದ, ಬಟ್ಟೆ, ಜಲವರ್ಣ, ಬಣ್ಣದ ಫೋಟೊ ಇವುಗಳಿಗೆ ಗ್ಯಾಲರಿಗಳು ಇಟ್ಟುಕೊಂಡಿರುವ ಮಿತಿ 50 ಲಕ್ಸ್ (ಲಕ್ಸ್ ಎಂದರೆ ವಸ್ತುವಿನ ಮೈಮೇಲೆ ಬೀಳುವ ಬೆಳಕಿನ ಅಳತೆ). ತೈಲವರ್ಣ, ಆಕ್ರಿಲಿಕ್‌ಗಳಿಗೆ 150ರಿಂದ 200. ಕಲ್ಲು, ಲೋಹಗಳಿಗೆ ಇಂಥ ಚಿಂತೆಯಿಲ್ಲ. ಒಂದು ಸಾಧಾರಣ ಕಚೇರಿಯ ಮೇಜಿನ ಮೇಲೆ 300ರಿಂದ 500 ಲಕ್ಸ್ ಬೆಳಕಿರುತ್ತದೆ, ನಡುಮಧ್ಯಾಹ್ನದ ಬಿಸಿಲು ಲಕ್ಷದ ಹತ್ತಿರ. ಹೊರಗಿನಿಂದ ನೇರವಾಗಿ ಆ ಕೋಣೆಗೆ ನುಗ್ಗಿದರೆ ಕಣ್ಣು ಕಟ್ಟಿದಂತಾಗುವುದು ಸಹಜ.

ಬೆಳಕಿನ ಹಾನಿ ಸಾಲದ ಹಾಗೆ, ಕೂಡುತ್ತ ಹೋಗುತ್ತದೆ, ತೀರುವುದಿಲ್ಲ. ಲೆಕ್ಕ ಸುಲಭ: ಲಕ್ಸ್ ಗುಣಿಸು ಗಂಟೆ. ತೀರಾ ಬೇಗ ಮಾಸುವ ವಸ್ತುಗಳಿಗೆ ಅಂತರರಾಷ್ಟ್ರೀಯ ದೀಪನ ಆಯೋಗವು 2004ರಲ್ಲಿ ಸೂಚಿಸಿದ ಮಿತಿ ವರ್ಷಕ್ಕೆ 15,000 ಲಕ್ಸ್-ಗಂಟೆ. ದಿನಕ್ಕೆ 8 ಗಂಟೆ 50 ಲಕ್ಸ್ ಬೆಳಗಿದರೆ ದಿನಕ್ಕೆ 400. ಅಂದರೆ 37 ದಿನಕ್ಕೇ ವರ್ಷದ ಪಾಲು ಮುಗಿಯುತ್ತದೆ. ಮೂರು ತಿಂಗಳ ಪ್ರದರ್ಶನದಲ್ಲಿ 90 ದಿನ ಬೆಳಗಿದರೆ 36,000. ಎರಡು ವರ್ಷದ ಪಾಲಿಗಿಂತ ಹೆಚ್ಚು. ಹಾಗಾಗಿಯೇ ಒಂದು ಋತು ಗೋಡೆಯ ಮೇಲಿದ್ದ ರೇಖಾಚಿತ್ರ ಆಮೇಲೆ ಕೆಲವು ವರ್ಷ ಕಪಾಟಿನ ಕತ್ತಲೆಗೆ ಹೋಗುತ್ತದೆ. ಋತುವಿಗೊಮ್ಮೆ ಪ್ರದರ್ಶನ ಬದಲಿಸುವುದಕ್ಕೆ ಹೊಸತರ ಆಸೆಯಷ್ಟೇ ಕಾರಣವಲ್ಲ.

ಅಲ್ಲಿ ಕಣ್ಣಿಗೆ ಐದು ನಿಮಿಷ ಕೊಡಿ, ಫೋನ್ ಜೇಬಿನಲ್ಲಿರಲಿ. ಒಮ್ಮೆ ಆ ಪರದೆಯ ಬೆಳಕು ನೋಡಿದರೆ ಮತ್ತೆ ಮೊದಲಿನಿಂದ ಶುರು.

ಹಾಗಾದರೆ ಫ್ಲ್ಯಾಶ್ ಹೊಡೆದರೆ ಚಿತ್ರ ಮಾಸುತ್ತದೆ ಎನ್ನುವುದು ನಿಜ ತಾನೆ?

ಉತ್ಪ್ರೇಕ್ಷೆ. ಕ್ಷಣಾರ್ಧದ ಬೆಳಕು ಮೇಲಿನ ಲೆಕ್ಕದಲ್ಲಿ ದೊಡ್ಡ ಮೊತ್ತವಾಗುವುದಿಲ್ಲ. ನಿಷೇಧಕ್ಕೆ ಕಾರಣ ಪಕ್ಕದವರ ಕಣ್ಣಿಗಾಗುವ ಕಿರಿಕಿರಿ ಮತ್ತು ಕೃತಿಸ್ವಾಮ್ಯ. ಫೋಟೊಗೆ ಅವಕಾಶವಿರುವ ಕಡೆಯೂ ಫ್ಲ್ಯಾಶ್ ಆರಿಸಿಕೊಂಡೇ ತೆಗೆಯಿರಿ. ಗಾಜು ಹಾಕಿದ ಚಿತ್ರಕ್ಕೆ ಫ್ಲ್ಯಾಶ್ ಹೊಡೆದರೆ ಫೋಟೊದಲ್ಲಿ ಉಳಿಯುವುದು ಒಂದು ಬಿಳಿ ಮಚ್ಚೆ ಮಾತ್ರ.

ಲೇಬಲ್ಲಿನಲ್ಲಿ ಬರೆದಿರುವುದು ಅರ್ಥವಾಗುವುದಿಲ್ಲ. "ಹೆಸರಿಲ್ಲದ್ದು", "ಅಳತೆ ಬದಲಾಗಬಹುದು", "ಆವೃತ್ತಿ 3/5" ಎಂದರೇನು? (ಪದವಿ ವಿದ್ಯಾರ್ಥಿನಿ)

ಮೇಲಿನಿಂದ ಕೆಳಗೆ ಓದಿ. ಕಲಾವಿದರ ಹೆಸರು, ಹುಟ್ಟಿದ ವರ್ಷ, ಕೃತಿಯ ಹೆಸರು, ಇಸವಿ, ಮಾಧ್ಯಮ, ಅಳತೆ, ಕೊನೆಯಲ್ಲಿ ಅದು ಯಾರದ್ದು ಎಂಬ ಸಾಲು. ಅಳತೆಯಲ್ಲಿ ಮೊದಲು ಎತ್ತರ, ಆಮೇಲೆ ಅಗಲ, ಮೂರನೆಯದಿದ್ದರೆ ಆಳ. 183 × 122 ಸೆಂ.ಮೀ. ಎಂದರೆ ಆಳೆತ್ತರದ, ನಿಂತ ಚಿತ್ರ. ಕ್ಯಾಟಲಾಗಿನಲ್ಲಿ ಎಲ್ಲ ಚಿತ್ರವೂ ಅಂಗೈಯಗಲ ಇರುವುದರಿಂದ ಈ ಎರಡು ಅಂಕಿಗಳನ್ನು ಓದುವ ಅಭ್ಯಾಸ ಒಳ್ಳೆಯದು.

"ಹೆಸರಿಲ್ಲದ್ದು" ಎಂದರೆ ಹೆಸರಿಡಲು ಮರೆತರು ಎಂದಲ್ಲ. ಹೆಸರು ನೋಡುವವರ ಕಣ್ಣಿಗೆ ಮೊದಲೇ ದಾರಿ ತೋರಿಸಿಬಿಡುತ್ತದೆಂದು ಬೇಕೆಂದೇ ಬಿಟ್ಟಿರುವುದು. (ಕೆಲವೊಮ್ಮೆ ಸೋಮಾರಿತನವೂ ಇರಬಹುದು, ಅದನ್ನು ಚಿತ್ರ ನೋಡಿ ನೀವೇ ಹೇಳಬೇಕು.) "ಅಳತೆ ಬದಲಾಗಬಹುದು" ಎಂದರೆ ಕೋಣೆಗೆ ತಕ್ಕಂತೆ ಹಿಗ್ಗಿ ಕುಗ್ಗುವ ಕೃತಿ. ಮಾರ್ಟಿನ್ ಕ್ರೀಡ್ ಅವರ 2000ನೇ ಇಸವಿಯ 227ನೇ ಸಂಖ್ಯೆಯ ಕೃತಿಯಲ್ಲಿ ಖಾಲಿ ಕೋಣೆಯ ದೀಪಗಳು ಐದು ಸೆಕೆಂಡು ಉರಿದು ಐದು ಸೆಕೆಂಡು ಆರುತ್ತವೆ, ಅಷ್ಟೆ. ಕೋಣೆ ಎಷ್ಟು ದೊಡ್ಡದೋ ಕೃತಿ ಅಷ್ಟು ದೊಡ್ಡದು.

"ಆವೃತ್ತಿ 3/5" ಎಂದರೆ ವಿಡಿಯೊ, ಫೋಟೊ, ಮುದ್ರಣ ಅಥವಾ ಎರಕದ ಕೃತಿಯನ್ನು ಐದೇ ಪ್ರತಿ ಮಾಡಿದ್ದಾರೆ, ಇದು ಮೂರನೆಯದು. "ಎಪಿ" ಎಂದಿದ್ದರೆ ಆ ಐದರ ಲೆಕ್ಕದ ಹೊರಗೆ ಕಲಾವಿದರು ತಮಗಾಗಿ ಇಟ್ಟುಕೊಂಡ ಪ್ರತಿ. ಇಸವಿಯ ಜಾಗದಲ್ಲಿ ಓರೆಗೆರೆ ಹಾಕಿ ಎರಡು ವರ್ಷ ಬರೆದಿದ್ದರೆ ಒಂದು ಕ್ಷಣ ನಿಲ್ಲಿ. ಮಾರ್ಸೆಲ್ ಡುಶಾಂಪ್ ಕಲಾಕೃತಿಯೆಂದೇ ಮುಂದಿಟ್ಟ ಮೂತ್ರಪಾತ್ರೆಗೆ 1917/1964 ಎಂದಿರುವುದನ್ನು ನೋಡಬಹುದು. ಮೂಲ 1917ರದ್ದು, ಅದು ಕಳೆದುಹೋಯಿತು. ಈಗ ಸಂಗ್ರಹಾಲಯಗಳಲ್ಲಿರುವ ಬಹುತೇಕ ಪ್ರತಿಗಳು 1964ರಲ್ಲಿ ಅವರ ಒಪ್ಪಿಗೆಯಿಂದ ಮಾಡಿದವು. ಇಷ್ಟು ದೊಡ್ಡ ಕಥೆ ಒಂದು ಓರೆಗೆರೆಯಲ್ಲಿ ಅಡಗಿ ಕೂತಿರುತ್ತದೆ.

ಕೊನೆಯ ಸಾಲಿನಲ್ಲಿ "ಕಲಾವಿದರ ಕೃಪೆ" ಅಥವಾ ಯಾವುದೋ ಗ್ಯಾಲರಿಯ ಕೃಪೆ ಎಂದಿದ್ದರೆ ಕೃತಿ ಬಹುಮಟ್ಟಿಗೆ ಇನ್ನೂ ಕಲಾವಿದರ ಅಥವಾ ಅವರ ಮಾರಾಟಗಾರರ ಕೈಯಲ್ಲಿದೆ. "ಸಂಗ್ರಹ" ಎಂದಿದ್ದರೆ ಅದಕ್ಕೆ ಮಾಲೀಕರಿದ್ದಾರೆ.

ಮೊದಲು ಕೃತಿ, ಆಮೇಲೆ ಲೇಬಲ್. ತಲೆಕೆಳಗಾಗಿ ಮಾಡಿದರೆ ಲೇಬಲ್ಲು ಹೇಳಿದ್ದನ್ನು ಕೃತಿಯಲ್ಲಿ ಹುಡುಕಿ ಸಮಾಧಾನ ಪಡುವುದೇ ಆಗುತ್ತದೆ.

ಒಂದು ಕಡೆ ಮುಟ್ಟಬೇಡಿ ಎನ್ನುತ್ತಾರೆ, ಇನ್ನೊಂದು ಕಡೆ ಕೃತಿಯ ಮೇಲೆಯೇ ನಡೆಯಬಹುದು ಎನ್ನುತ್ತಾರೆ. ಏನಿದು?

ವಸ್ತುವೇ ಇದನ್ನು ತೀರ್ಮಾನಿಸುತ್ತದೆ, ಜೊತೆಗೆ ಕಲಾವಿದರ ಸೂಚನೆ. ಕೈ ಒಣಗಿದ್ದರೂ ಬೆರಳ ತುದಿಯಲ್ಲಿ ಉಪ್ಪು, ಎಣ್ಣೆ, ಸ್ವಲ್ಪ ಆಮ್ಲ ಇದ್ದೇ ಇರುತ್ತದೆ. ಹೊಳಪು ಕೊಟ್ಟ ಹಿತ್ತಾಳೆ, ಕಂಚನ್ನು ಮುಟ್ಟಿದರೆ ಆಗ ಏನೂ ಕಾಣುವುದಿಲ್ಲ. ಕೆಲವು ವಾರಗಳ ನಂತರ ಬೆರಳಚ್ಚು ಗೆರೆಗೆರೆಯಾಗಿ ಕಪ್ಪಗೆ ಮೂಡುತ್ತದೆ, ಅಷ್ಟರಲ್ಲಿ ಅದು ಲೋಹವನ್ನು ಕೊರೆದಿರುತ್ತದೆ; ಒರೆಸಿದರೆ ಹೋಗದು. ಹೊಳಪಿಲ್ಲದ ಒಂದೇ ಬಣ್ಣದ ಚಿತ್ರಗಳು ಇನ್ನೂ ಕಷ್ಟ, ತಾಗಿದ ಕಡೆ ಎಣ್ಣೆಯ ಮಿಂಚು ಉಳಿದು ಅಷ್ಟು ಜಾಗ ಸರಿಮಾಡಲು ಹೋದರೆ ಇಡೀ ಚಿತ್ರ ಕೆಡುತ್ತದೆ.

ಇತ್ತ ಕಾರ್ಲ್ ಆಂಡ್ರೆ ನೆಲದ ಮೇಲೆ ಹಾಸಿದ ಲೋಹದ ಚೌಕಗಳು ನಡೆಯುವುದಕ್ಕೆಂದೇ ಇರುವವು. ಅದೇ ಆಂಡ್ರೆಯವರ 120 ಇಟ್ಟಿಗೆಗಳ ಕೃತಿಯ ಮೇಲೆ ಕಾಲಿಡುವಂತಿಲ್ಲ. ಫೆಲಿಕ್ಸ್ ಗೊನ್ಸಾಲೆಸ್-ಟೊರೆಸ್ 1991ರಲ್ಲಿ ಮಾಡಿದ ಮಿಠಾಯಿಗಳ ರಾಶಿಯಿಂದ ಬಂದವರು ಒಂದೊಂದು ತೆಗೆದುಕೊಂಡು ಹೋಗಬಹುದು. ಅದರ ಆದರ್ಶ ತೂಕ 175 ಪೌಂಡ್, ಹೆಚ್ಚುಕಡಿಮೆ 79 ಕಿಲೊ. ಏಡ್ಸ್‌ನಿಂದ ತೀರಿಕೊಂಡ ಸಂಗಾತಿಯ ನೆನಪಿಗೆ ಮಾಡಿದ್ದು. ರಾಶಿ ಕರಗುತ್ತದೆ, ಸಂಸ್ಥೆ ಮತ್ತೆ ತುಂಬಬಹುದು.

ಅನುಮತಿ ನಡುವೆಯೇ ಬದಲಾಗುವುದೂ ಉಂಟು. ಲಂಡನ್ನಿನ ಕಲಾ ಸಂಗ್ರಹಾಲಯ ಟೇಟ್ ಮಾಡರ್ನ್‌ನ ಟರ್ಬೈನ್ ಹಾಲ್‌ನಲ್ಲಿ 2010ರ ಅಕ್ಟೋಬರಿನಲ್ಲಿ ಐ ವೈವೈ ಸುಮಾರು 10 ಕೋಟಿ ಪಿಂಗಾಣಿಯ ಸೂರ್ಯಕಾಂತಿ ಬೀಜಗಳನ್ನು ಹರಡಿದ್ದರು, ಪ್ರತಿಯೊಂದಕ್ಕೂ ಕೈಯಿಂದ ಬಣ್ಣ ಹಚ್ಚಿದ್ದು. ಜನ ಅದರ ಮೇಲೆ ನಡೆದಾಡಲಿ ಎಂಬುದೇ ಉದ್ದೇಶ. ಆದರೆ ಕಾಲ್ತುಳಿತಕ್ಕೆ ಬೀಜಗಳು ಒಂದಕ್ಕೊಂದು ಉಜ್ಜಿ ಪಿಂಗಾಣಿಯ ದೂಳೆದ್ದಿತು, ಉಸಿರಾಟಕ್ಕೆ ಅಪಾಯವೆಂದು ಕೆಲವೇ ದಿನಗಳಲ್ಲಿ ನಡೆದಾಟ ನಿಲ್ಲಿಸಬೇಕಾಯಿತು. ಗೆಳೆಯರು ನಡೆದ ಫೋಟೊ ಕಳಿಸಿದ್ದರೂ ನೀವು ಹೋದ ದಿನ ಕಾವಲಿನವರನ್ನು ಕೇಳಿಯೇ ಕಾಲಿಡಿ.

ಪ್ರವೇಶ ಉಚಿತ ಎಂದಮೇಲೆ ಟಿಕೆಟ್ ಏಕೆ ಕಾದಿರಿಸಬೇಕು? ಉಚಿತವಾದರೆ ಖರ್ಚು ಯಾರದು?

ಆ ಟಿಕೆಟ್ಟು ಜನರನ್ನು ಎಣಿಸುವ ಸಾಧನ. ಬೆಂಕಿ ಬಿದ್ದರೆ ಎಷ್ಟು ಜನ ಬೇಗ ಹೊರಬರಬಲ್ಲರು ಎಂಬ ಲೆಕ್ಕದ ಮೇಲೆ ಪ್ರತಿ ಕೋಣೆಗೂ ಮಿತಿ ಇರುತ್ತದೆ. ಕನ್ನಡಿ ಕೋಣೆಯಂಥ ಕೃತಿಯಾದರೆ ಒಮ್ಮೆಗೆ ನಾಲ್ಕೈದು ಜನ ಮಾತ್ರ. ಜೊತೆಗೆ ಎಷ್ಟು ಜನ ಬಂದರೆಂಬ ಅಂಕಿ ಇಲ್ಲದೆ ಮುಂದಿನ ವರ್ಷ ಅನುದಾನ ಕೇಳುವುದು ಕಷ್ಟ. ಕಾದಿರಿಸಿ ಹೋಗದಿದ್ದರೆ ದಯವಿಟ್ಟು ರದ್ದು ಮಾಡಿ. ಪುಕ್ಕಟೆ ಟಿಕೆಟ್ಟಿನ ದೊಡ್ಡ ತಲೆನೋವೇ ಇದು: ಕಾಗದದ ಮೇಲೆ ಭರ್ತಿ, ಒಳಗೆ ಖಾಲಿ.

ಖರ್ಚು ಸರ್ಕಾರದ ಅನುದಾನ, ದತ್ತಿ, ಪ್ರಾಯೋಜಕರು, ಪುಸ್ತಕದಂಗಡಿ ಇವುಗಳಿಂದ ಬರುತ್ತದೆ. ಸಾಗಣೆ, ವಿಮೆ, ಕಲಾವಿದರ ಗೌರವಧನ ಪ್ರದರ್ಶನಕ್ಕೊಮ್ಮೆ ಬರುವ ಖರ್ಚು. ಕಾವಲು, ವಿದ್ಯುತ್ತು ದಿನದಿನದ್ದು. ಎಲ್ಲ ಕಡೆ ಎಲ್ಲವೂ ಉಚಿತ ಎಂದುಕೊಳ್ಳಬೇಡಿ. ಬ್ರಿಟನ್ನಿನ ರಾಷ್ಟ್ರೀಯ ಸಂಗ್ರಹಾಲಯಗಳ ಕಾಯಂ ಸಂಗ್ರಹ 2001ರ ಡಿಸೆಂಬರಿನಿಂದ ಎಲ್ಲರಿಗೂ ಉಚಿತ, ಆದರೆ ಅವೇ ಸಂಸ್ಥೆಗಳ ದೊಡ್ಡ ತಾತ್ಕಾಲಿಕ ಪ್ರದರ್ಶನಗಳಿಗೆ ಹಣ ಕೊಡಬೇಕಾಗಬಹುದು. ಲಂಡನ್ನಿನ ಕಲಾ ಗ್ಯಾಲರಿ ಸರ್ಪೆಂಟೈನ್‌ನಂಥ ಕಡೆ ಪ್ರದರ್ಶನವೂ ಉಚಿತ, 2000ದಲ್ಲಿ ವಾಸ್ತುಶಿಲ್ಪಿ ಝಾಹಾ ಹದೀದ್ ಅವರಿಂದ ಶುರುವಾಗಿ ಬೇಸಿಗೆಗೊಂದು ಹುಲ್ಲುಹಾಸಿನ ಮೇಲೆ ಏಳುವ ಮಂಟಪವೂ ಉಚಿತ.

ಉಚಿತ ಗ್ಯಾಲರಿಯ ನಿಜವಾದ ಲಾಭ ಬೇರೆ ಇದೆ. ದುಡ್ಡು ಕೊಟ್ಟಾಗ ಎಲ್ಲವನ್ನೂ ನೋಡಿ ಮುಗಿಸಬೇಕೆಂಬ ಹಟ ಬರುತ್ತದೆ. ಇಲ್ಲಿ ಮೂರು ಕೃತಿ ನೋಡಿ ಹೊರಬಂದು ಮುಂದಿನ ವಾರ ಮತ್ತೆ ಹೋಗಬಹುದು. ಮೊದಲ ವಾರಾಂತ್ಯ ಮತ್ತು ಕೊನೆಯ ಎರಡು ವಾರ ನೂಕುನುಗ್ಗಲು. ನಡುವಿನ ವಾರದ ದಿನ ಬೆಳಗ್ಗೆ ಹೋಗಿ.

ವಿಡಿಯೊ ಕೋಣೆಗೆ ಹೋದಾಗಲೆಲ್ಲ ನಡುವಿನಿಂದಲೇ ನೋಡಬೇಕಾಗುತ್ತದೆ. ಶುರುವಿನಿಂದ ನೋಡುವುದು ಹೇಗೆ?

ಬಾಗಿಲ ಬಳಿಯ ಲೇಬಲ್ಲಿನಲ್ಲಿ ಅವಧಿ ನೋಡಿ. "14 ನಿಮಿಷ, ಲೂಪ್" ಎಂದಿದ್ದರೆ ಒಳಗೆ ಕೂತುಬಿಡಿ, ಹೆಚ್ಚೆಂದರೆ 14 ನಿಮಿಷದಲ್ಲಿ ಶುರು ಬಂದೇ ಬರುತ್ತದೆ. ಒಂದು ಗಂಟೆ ಮೀರಿದ್ದಾದರೆ ಆರಂಭದ ಸಮಯಗಳನ್ನು ಹೊರಗೆ ಹಾಕಿರುತ್ತಾರೆ, ಇಲ್ಲದಿದ್ದರೆ ಕೇಳಿ. ಕೆಲವಕ್ಕೆ ಶುರು, ಕೊನೆ ಎಂಬುದೇ ಇಲ್ಲ. ಕ್ರಿಶ್ಚಿಯನ್ ಮಾರ್ಕ್ಲೆ 2010ರಲ್ಲಿ ಸಿನಿಮಾ ತುಣುಕುಗಳನ್ನು ಜೋಡಿಸಿ ಮಾಡಿದ ಗಡಿಯಾರದ ಕೃತಿ 24 ಗಂಟೆಯದ್ದು. ಪರದೆಯ ಮೇಲಿನ ಗಂಟೆಯೂ ನಿಮ್ಮ ಕೈಗಡಿಯಾರದ ಗಂಟೆಯೂ ಒಂದೇ, ಯಾವಾಗ ಹೋದರೂ ಸರಿಯಾದ ಹೊತ್ತೇ.

ಕಪ್ಪು ಪರದೆ ಸರಿಸಿ ಒಳಗೆ ಕಾಲಿಟ್ಟ ಮೇಲೆ ಗೋಡೆಗೆ ಒತ್ತಿ ಅರ್ಧ ನಿಮಿಷ ನಿಲ್ಲಿ. ಕತ್ತಲೆಯಲ್ಲಿ ಬೆಂಚು ಹುಡುಕುತ್ತ ಯಾರದೋ ತೊಡೆಯ ಮೇಲೆ ಕೂರುವ ಎಡವಟ್ಟು ತಪ್ಪುತ್ತದೆ.

ನಮ್ಮ ಗುಂಪಿನ ನಾಲ್ಕು ಚಿತ್ರಗಳಿಗೆ ಸಾರ್ವಜನಿಕ ಗ್ಯಾಲರಿಯ ಒಂದು ಗೋಡೆ ಸಿಕ್ಕಿದೆ. ನಾವೇ ತೂಗುಹಾಕಬೇಕು. ಅಳತೆ ಹೇಗೆ? (ಚಿತ್ರಕಲಾ ವಿದ್ಯಾರ್ಥಿಗಳು)

ಒಂದೇ ಅಂಕಿ ಹಿಡಿದುಕೊಳ್ಳಿ: ಪ್ರತಿ ಚಿತ್ರದ ಮಧ್ಯಬಿಂದು ನೆಲದಿಂದ 150 ಸೆಂ.ಮೀ. ಗ್ಯಾಲರಿಗಳು 145ರಿಂದ 155ರ ನಡುವೆ ಒಂದನ್ನು ಆರಿಸಿಕೊಂಡು ಇಡೀ ಪ್ರದರ್ಶನಕ್ಕೆ ಅದನ್ನೇ ಪಾಲಿಸುತ್ತವೆ. ಮಕ್ಕಳು, ಗಾಲಿಕುರ್ಚಿಯವರು ಹೆಚ್ಚಾಗಿ ಬರುವ ಕಡೆ ಇನ್ನೂ ಕೆಳಗೆ. ಚಿತ್ರಗಳ ಮೇಲಂಚನ್ನೋ ಕೆಳಂಚನ್ನೋ ಸಾಲಾಗಿಸಲು ಹೋಗಬೇಡಿ. ಗಾತ್ರ ಬೇರೆಬೇರೆಯಾದರೆ ಬಟ್ಟೆ ಒಣಹಾಕಿದಂತೆ ಕಾಣುತ್ತದೆ.

ಮೊಳೆಯ ಎತ್ತರ ಹೀಗೆ: 150ಕ್ಕೆ ಫ್ರೇಮಿನ ಅರ್ಧ ಎತ್ತರ ಕೂಡಿ, ಅದರಿಂದ ಫ್ರೇಮಿನ ಮೇಲಂಚಿಗೂ ಎಳೆದು ಹಿಡಿದ ತಂತಿಯ ಅತಿ ಎತ್ತರದ ಬಿಂದುವಿಗೂ ನಡುವಿನ ಅಂತರ ಕಳೆಯಿರಿ. ಫ್ರೇಮು 60 ಸೆಂ.ಮೀ. ಎತ್ತರ, ತಂತಿ 8 ಸೆಂ.ಮೀ. ಕೆಳಗಿದೆ ಎಂದರೆ 150 + 30 − 8 = 172. ತಂತಿಯನ್ನು ಬೆರಳಿನಿಂದ ಮೇಲಕ್ಕೆ ಎಳೆದು ಹಿಡಿದೇ ಅಳೆಯಬೇಕು. ಸಡಿಲ ಬಿಟ್ಟು ಅಳೆದರೆ ಚಿತ್ರ ಎರಡು ಮೂರು ಸೆಂ.ಮೀ. ಕೆಳಗಿಳಿದು ಕೂರುತ್ತದೆ. ಅತಿ ಹೆಚ್ಚು ತಪ್ಪಾಗುವುದು ಇಲ್ಲೇ.

ಅಡ್ಡಡ್ಡ ಲೆಕ್ಕಕ್ಕೆ ಬನ್ನಿ. ಗೋಡೆ 600 ಸೆಂ.ಮೀ., ನಾಲ್ಕು ಚಿತ್ರಗಳ ಅಗಲ ಕೂಡಿ 280 ಎನ್ನಿ. ಉಳಿದ 320ನ್ನು ಐದು ಭಾಗ ಮಾಡಿದರೆ ಪ್ರತಿ ಅಂತರ 64. ಕಾಗದದ ಮೇಲೆ ಇದು ಚೆಂದ, ಗೋಡೆಯ ಮೇಲೆ ನಾಲ್ಕೂ ಚಿತ್ರ ಒಂದಕ್ಕೊಂದು ಮುನಿಸಿಕೊಂಡು ದೂರ ನಿಂತಂತೆ ಕಾಣುತ್ತದೆ. ನಡುವಿನ ಮೂರು ಅಂತರಗಳನ್ನು 50ಕ್ಕೆ ಇಳಿಸಿ, ಎರಡು ತುದಿಗೆ 85-85 ಬಿಡಿ. ಆಗ ಒಂದು ಗುಂಪೆನಿಸುತ್ತದೆ.

ತಂತಿಯನ್ನು ತೀರಾ ಬಿಗಿಯಾಗಿ ಕಟ್ಟಬೇಡಿ. ಒಂದೇ ಕೊಕ್ಕೆಗೆ ಸಿಕ್ಕಿಸಿದ ತಂತಿ ಅಡ್ಡಗೆರೆಯೊಂದಿಗೆ 30 ಡಿಗ್ರಿ ಕೋನ ಮಾಡಿದರೆ ಅದರ ಪ್ರತಿ ಬದಿಯ ಎಳೆತ ಚಿತ್ರದ ತೂಕದಷ್ಟೇ. ಕೋನ 10 ಡಿಗ್ರಿಗೆ ಇಳಿದರೆ ಎಳೆತ ಸುಮಾರು ಮೂರು ಪಟ್ಟು; 6 ಕಿಲೊ ಚಿತ್ರಕ್ಕೆ 17 ಕಿಲೊದ ಭಾರ. ಆಗ ಫ್ರೇಮಿನ ಹಿಂದಿನ ಉಂಗುರ ಸ್ಕ್ರೂ ಸಮೇತ ಕಿತ್ತು ಬರುತ್ತದೆ. ಸಾರ್ವಜನಿಕ ಜಾಗದಲ್ಲಿ ಒಂದು ಕೊಕ್ಕೆಯ ಬದಲು ಎರಡು ಹಾಕಿ, ಯಾರದೋ ಭುಜ ತಾಗಿದರೂ ಚಿತ್ರ ವಾಲುವುದಿಲ್ಲ. ಎರಡು ಕೊಕ್ಕೆಗಳನ್ನು ರಸಮಟ್ಟ ಇಟ್ಟು ಗುರುತು ಮಾಡಿ, ಕಣ್ಣಳತೆ ನಂಬಬೇಡಿ. ಹಳೆಯ ಕಟ್ಟಡದ ನೆಲವೇ ವಾಲಿರಬಹುದು. ಹಾಗಿದ್ದರೆ 150ನ್ನು ಒಂದೇ ಕಡೆ ಅಳೆದು, ಉಳಿದದ್ದಕ್ಕೆಲ್ಲ ಲೇಸರ್ ಗೆರೆಯನ್ನೋ ನೀರಿನ ಕೊಳವೆಯ ಮಟ್ಟವನ್ನೋ ಹಿಡಿಯಿರಿ.

ಮೊಳೆ ಹೊಡೆಯುವ ಮೊದಲು ಚಿತ್ರಗಳನ್ನು ಗೋಡೆಗೆ ಒರಗಿಸಿಟ್ಟು ಒಂದು ರಾತ್ರಿ ಬಿಡಿ, ಕೆಳಗೆ ಥರ್ಮೊಕೋಲ್ ತುಂಡು ಇರಲಿ. ಬೆಳಗ್ಗೆ ಬಂದಾಗ ಎರಡನ್ನಾದರೂ ಅದಲುಬದಲು ಮಾಡುತ್ತೀರಿ.

ಅದೇ ಪ್ರದರ್ಶನದಲ್ಲಿ ನನ್ನ ವಿಡಿಯೊ ಇದೆ. 3 ಮೀಟರ್ ಅಗಲದ ಚಿತ್ರ ಬೇಕು, 3,000 ಲ್ಯೂಮೆನ್ ಪ್ರೊಜೆಕ್ಟರ್ ಸಾಕೇ?

ದೂರವನ್ನು ಮೊದಲು ನೋಡಿ. ಪ್ರೊಜೆಕ್ಟರಿನ ಥ್ರೋ ಅನುಪಾತ (ಚಿತ್ರದ ಅಗಲದ ಎಷ್ಟು ಪಟ್ಟು ದೂರದಲ್ಲಿಡಬೇಕು ಎಂಬ ಅಂಕಿ) 1.5 ಎಂದಿದ್ದರೆ 3 ಮೀಟರ್ ಅಗಲಕ್ಕೆ ಅದು ಗೋಡೆಯಿಂದ 4.5 ಮೀಟರ್ ದೂರ ಇರಬೇಕು. ಕೋಣೆಯ ಆಳ ಅಷ್ಟಿಲ್ಲದಿದ್ದರೆ ಬೇರೆ ಪ್ರೊಜೆಕ್ಟರ್ ಹುಡುಕಿ, ಓರೆಯಿಟ್ಟು ಸೆಟಿಂಗ್‌ನಲ್ಲಿ ಸರಿಮಾಡುತ್ತೇನೆ ಎನ್ನಬೇಡಿ. ಅದು ಚಿತ್ರದ ಸ್ಪಷ್ಟತೆ ತಿನ್ನುತ್ತದೆ.

ಬೆಳಕು: 16:9ರಲ್ಲಿ 3 ಮೀಟರ್ ಅಗಲಕ್ಕೆ 1.69 ಮೀಟರ್ ಎತ್ತರ, ಸುಮಾರು 5 ಚದರ ಮೀಟರ್. ಲ್ಯೂಮೆನ್ ಎಂದರೆ ಪ್ರೊಜೆಕ್ಟರ್ ಕೊಡುವ ಒಟ್ಟು ಬೆಳಕು; 3,000ವನ್ನು 5ರಿಂದ ಭಾಗಿಸಿದರೆ 600 ಲಕ್ಸ್. ಕೋಣೆ ಪೂರ್ತಿ ಕತ್ತಲಾದರೆ ಧಾರಾಳ. ಪಕ್ಕದ ದೀಪದಿಂದ ಆ ಗೋಡೆಗೆ 50 ಲಕ್ಸ್ ಬಿದ್ದರೂ ಅತಿ ಬಿಳಿ ಭಾಗ ಅತಿ ಕಪ್ಪು ಭಾಗಕ್ಕಿಂತ 13 ಪಟ್ಟು ಮಾತ್ರ ಪ್ರಕಾಶಮಾನ, ಎಲ್ಲ ಬೂದುಬೂದು. ಪ್ರೊಜೆಕ್ಟರ್ ಕಪ್ಪನ್ನು ಎರಚುವುದಿಲ್ಲ, ಆ ಜಾಗದಲ್ಲಿ ಗೋಡೆ ಎಷ್ಟು ಬೆಳಗಿದೆಯೋ ಅದೇ ನಿಮ್ಮ ಕಪ್ಪು. ಹೆಚ್ಚು ಲ್ಯೂಮೆನ್ ಕೇಳುವುದಕ್ಕಿಂತ ಪಕ್ಕದ ದೀಪ ತಿರುಗಿಸಿ ಎಂದು ಕೇಳುವುದು ಅಗ್ಗ.

ಲ್ಯಾಪ್‌ಟಾಪಿನಿಂದ ಓಡಿಸಬೇಡಿ. ಅಪ್‌ಡೇಟ್ ಕೇಳುವ ಕಿಟಕಿ ನಿಮ್ಮ ಕೃತಿಯ ಮೇಲೆ ತೆರೆದುಕೊಳ್ಳುವುದು ಖಚಿತ. ವಿದ್ಯುತ್ ಬಂದೊಡನೆ ತಾನೇ ಶುರುವಾಗಿ ಲೂಪ್ ಆಗುವ ಸಣ್ಣ ಮೀಡಿಯಾ ಪ್ಲೇಯರ್ ಸಾಕು. ಪ್ರೊಜೆಕ್ಟರಿನ ತಾನಾಗಿ ಆರುವ ಆಯ್ಕೆ ತೆಗೆದುಹಾಕಿ. ಗಾಳಿಯ ಜಾಲರಿಯ ದೂಳನ್ನು ವಾರಕ್ಕೊಮ್ಮೆ ತೆಗೆಯದಿದ್ದರೆ ಬಿಸಿಯಾಗಿ ನಡುವೆಯೇ ಆರಿಹೋಗುತ್ತದೆ. ಕೆಲಸದ ಕಡತದ ಇನ್ನೊಂದು ಪ್ರತಿಯನ್ನು ಗ್ಯಾಲರಿಯವರ ಬಳಿ ಪೆನ್‌ಡ್ರೈವಿನಲ್ಲಿ ಇಟ್ಟಿರಿ.

ಗೋಡೆಯ ಮೇಲೆಯೇ ಬರೆದ ಚಿತ್ರ ಪ್ರದರ್ಶನ ಮುಗಿದ ಮೇಲೆ ಏನಾಗುತ್ತದೆ?

ಬಣ್ಣ ಬಳಿದು ಅಳಿಸುತ್ತಾರೆ. ಸಾಲ್ ಲೆವಿಟ್ 1968ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ಗೋಡೆ ರೇಖಾಚಿತ್ರ ಮಾಡಿದಾಗಿನಿಂದ ಇದಕ್ಕೊಂದು ಪದ್ಧತಿ ಬಂದಿದೆ. ಕೃತಿ ಎಂದರೆ ಗೋಡೆಯ ಮೇಲಿನದ್ದಲ್ಲ, ಪ್ರಮಾಣಪತ್ರ ಮತ್ತು ಹೇಗೆ ಬರೆಯಬೇಕೆಂಬ ನಕ್ಷೆ. ಅವು ಇದ್ದರೆ ತರಬೇತಾದವರು ಇನ್ನೊಂದು ಊರಿನ ಗೋಡೆಯ ಮೇಲೆ ಮತ್ತೆ ಬರೆಯುತ್ತಾರೆ. ಲೆವಿಟ್ 2007ರಲ್ಲಿ ತೀರಿಕೊಂಡರು. ಅಮೆರಿಕದ ಮಾಸ್ ಮೋಕಾ ಸಂಗ್ರಹಾಲಯದಲ್ಲಿ ಅವರ 105 ಗೋಡೆಚಿತ್ರಗಳನ್ನು 2008ರಲ್ಲಿ ತೆರೆದರು, 2043ರವರೆಗೆ ಇರುವ ಲೆಕ್ಕ.

ಎಲ್ಲವೂ ಹೀಗೆ ನುಣ್ಣಗೆ ಅಳಿಯುವುದಿಲ್ಲ. ಡೊರಿಸ್ ಸಾಲ್ಸೆಡೊ 2007ರಲ್ಲಿ ಟೇಟ್ ಮಾಡರ್ನ್‌ನ ಅದೇ ಟರ್ಬೈನ್ ಹಾಲಿನ ಕಾಂಕ್ರೀಟ್ ನೆಲದುದ್ದಕ್ಕೂ 167 ಮೀಟರ್ ಬಿರುಕು ಬಿಡಿಸಿದ್ದರು. ಪ್ರದರ್ಶನ ಮುಗಿದ ಮೇಲೆ ತುಂಬಿದರು, ಆದರೆ ಗಾಯದ ಗುರುತಿನಂತೆ ಗೆರೆ ನೆಲದಲ್ಲಿ ಉಳಿದುಕೊಂಡಿದೆ.

ಬೆನ್ನುಚೀಲ ಎದೆಗೆ ಹಾಕಿಕೊಳ್ಳಿ ಎನ್ನುತ್ತಾರೆ. ಅವಮಾನವಲ್ಲವೇ?

ಅಲ್ಲ. ಬೆನ್ನ ಹಿಂದೆ ಒಂದಡಿ ಚಾಚಿಕೊಂಡಿರುವ ಚೀಲ ನೀವು ತಿರುಗಿದಾಗ ಎಲ್ಲಿ ತಾಗುತ್ತದೆಂದು ನಿಮಗೇ ಗೊತ್ತಾಗುವುದಿಲ್ಲ, ಅದರ ಜಿಪ್ಪಿನ ಹಿಡಿ ಕ್ಯಾನ್ವಾಸಿಗೆ ಗೀರುವಷ್ಟು ಚೂಪು. ಲಾಕರ್ ಇದ್ದರೆ ಅಲ್ಲೇ ಇಟ್ಟು ಹೋಗಿ. ಒದ್ದೆ ಕೊಡೆ, ನೀರಿನ ಬಾಟಲಿಯೂ ಅಲ್ಲೇ ಇರಲಿ. ಟಿಪ್ಪಣಿ ಬರೆದುಕೊಳ್ಳುವವರು ಪೆನ್ನಲ್ಲ, ಪೆನ್ಸಿಲ್ ಒಯ್ಯಿರಿ.